ಜಲಪಾತಕ್ಕೆ ಹೊರಟಿರಾ? ನದಿಯನ್ನೂ ನೋಡಿ ಬನ್ನಿ

ಕಾರವಾರದಿಂದ ದಕ್ಷಿಣಕ್ಕೆ ಹೊನ್ನಾವರದವರೆಗೆ ಬಸ್ಸಿನಲ್ಲಿ ಪ್ರಯಾಣ ಮಾಡಿದ್ದೀರಾ? ಅಂಕೋಲಾ ದಾಟಿದ ಮೇಲೆ ಗಂಗಾವಳಿ, ಕುಮಟಾಕ್ಕೆ ಮೊದಲು ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ ಎದುರಾಗುತ್ತವೆ. ಸೇತುವೆಯ ಮೇಲಿನಿಂದ ನೋಡಿದರೆ ಮೂರೂ ಅಗಲವಾದ, ಸದ್ದಿಲ್ಲದ ನದಿಗಳು. ಇದೇ ನದಿಗಳು ಘಟ್ಟದಲ್ಲಿ ಕಿವಿ ಗಡಚಿಕ್ಕುವಂತೆ ಧುಮುಕಿ ಬಂದಿವೆ ಎಂದರೆ ನಂಬುವುದು ಕಷ್ಟ.

ಗಂಗಾವಳಿಗೆ ಘಟ್ಟದ ಮೇಲೆ ಬೇಡ್ತಿ ಎಂದು ಹೆಸರು. ಯಲ್ಲಾಪುರದ ಸಮೀಪ ಮಾಗೋಡಿನಲ್ಲಿ ಅದು ಎರಡು ಹಂತಗಳಲ್ಲಿ ಸುಮಾರು 200 ಮೀಟರ್ ಕೆಳಗಿಳಿಯುತ್ತದೆ. ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರ್ ಧುಮುಕುತ್ತದೆ. ಅಬ್ಬರದಲ್ಲಿ ಬೇರೇನೂ ಕೇಳಿಸದು ಎಂದು ಜನ ಅದನ್ನು ಕೆಪ್ಪ ಜೋಗ ಎಂದು ಕರೆದರು. ಇನ್ನು ಶರಾವತಿಯ ಜೋಗ ಎಲ್ಲರಿಗೂ ಗೊತ್ತು. ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳು. ಎತ್ತರ 253 ಮೀಟರ್.

ಇಲ್ಲಿಯೇ ಏಕೆ?

ಮೂರೂ ಜಲಪಾತಗಳು ಪಶ್ಚಿಮ ಘಟ್ಟದ ಅಂಚಿನಲ್ಲಿವೆ. ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟಿತು. ಭೂಭಾಗಗಳು ಹೀಗೆ ಒಡೆದು ದೂರ ಸರಿದಾಗ ಪಶ್ಚಿಮದ ಅಂಚು ಕಡಿದಾಗಿ ಉಳಿಯಿತು. ಮೇಲೆ ಪ್ರಸ್ಥಭೂಮಿ, ಕೆಳಗೆ ಕಿರಿದಾದ ಕರಾವಳಿ. ಮುಂಗಾರಿನ ಮೋಡಗಳು ಈ ಗೋಡೆಗೆ ತಡೆದು ಮೇಲೇರಿ, ತಣಿದು, ಧಾರಾಕಾರವಾಗಿ ಸುರಿಯುತ್ತವೆ. ನೀರೂ ಉಂಟು, ಇಳಿಜಾರೂ ಉಂಟು. ಜಲಪಾತಕ್ಕೆ ಇನ್ನೇನು ಬೇಕು?

ಜಲಪಾತ ಎಂದೆಂದಿಗೂ ಒಂದೇ ಜಾಗದಲ್ಲಿ ಇರುವುದಿಲ್ಲ. ಬೀಳುವ ನೀರು ಬುಡದ ಬಂಡೆಯನ್ನು ಕೊರೆಯುತ್ತದೆ. ಆಧಾರ ತಪ್ಪಿದ ಮೇಲಿನ ಕಲ್ಲು ಕುಸಿಯುತ್ತದೆ. ಲಕ್ಷಾಂತರ ವರ್ಷಗಳಲ್ಲಿ ಜಲಪಾತ ನದಿಯ ಮೂಲದ ಕಡೆಗೆ ಹಿಂದೆ ಹಿಂದೆ ಸರಿಯುತ್ತದೆ. ಅದರ ಮುಂದಿರುವ ಆಳವಾದ ಕಮರಿ ಹೀಗೆ ಕೊರೆದು ಬಂದ ದಾರಿ.

ಭೌತಶಾಸ್ತ್ರ ಓದುವವರು ಒಂದು ಲೆಕ್ಕ ಮಾಡಿ. ಗಾಳಿಯ ತಡೆ ಇಲ್ಲದಿದ್ದರೆ ಜೋಗದ ತುದಿಯಿಂದ ಬಿದ್ದ ವಸ್ತು ಸುಮಾರು ಏಳು ಸೆಕೆಂಡಿನಲ್ಲಿ ತಳ ಮುಟ್ಟಬೇಕು; ಆಗ ಅದರ ವೇಗ ಗಂಟೆಗೆ ಸುಮಾರು 250 ಕಿಲೋಮೀಟರ್. ನಿಜವಾಗಿ ಹಾಗಾಗುವುದಿಲ್ಲ. ನೀರು ದಾರಿಯಲ್ಲೇ ಹನಿ ಹನಿಯಾಗಿ ಒಡೆಯುತ್ತದೆ, ಗಾಳಿ ಅದನ್ನು ತಡೆಯುತ್ತದೆ. ನಮ್ಮ ಕಣ್ಣಿಗೆ ಕಾಣುವ ಮಂಜಿನ ತೆರೆ ಅದೇ.

ಎರಡು ನದಿ, ಎರಡು ದಾರಿ

ಬೇಸಿಗೆಯಲ್ಲಿ ಜೋಗಕ್ಕೆ ಹೋದವರು "ನೀರೇ ಇಲ್ಲವಲ್ಲ!" ಎಂದು ಬೇಸರದಿಂದ ಮರಳುತ್ತಾರೆ. ಆ ನೀರು ಎಲ್ಲಿ ಹೋಯಿತು? 1948ರಲ್ಲಿ ಜೋಗದಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಸಿದ್ಧವಾಯಿತು. ಅಲ್ಲಿ ಸಂಗ್ರಹವಾದ ನೀರಿನ ಬಹುಪಾಲು ಬೇರೆ ದಾರಿಯಿಂದ ಇಳಿದು ಟರ್ಬೈನ್ ತಿರುಗಿಸುತ್ತದೆ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ನಾಡಿನ ಎಷ್ಟೋ ಮನೆಗಳ ದೀಪ ಇದರಿಂದ ಉರಿದಿದೆ. ಇದಕ್ಕಾಗಿ ಹಳ್ಳಿಗಳು ಮುಳುಗಿದವು, ಜನ ನೆಲೆ ಕಳೆದುಕೊಂಡರು ಎಂಬುದೂ ಅಷ್ಟೇ ನಿಜ.

ಅಘನಾಶಿನಿಗೆ ಅಂಥ ದೊಡ್ಡ ಅಣೆಕಟ್ಟೆ ಇಲ್ಲ. ಉಂಚಳ್ಳಿಯಲ್ಲಿ ಬೀಳುವ ನೀರು ತಡೆಯಿಲ್ಲದೆ ಸಮುದ್ರದವರೆಗೆ ಹೋಗುತ್ತದೆ. ಅದರ ಅಳಿವೆಯಲ್ಲಿ ಸಿಹಿನೀರು ಉಪ್ಪುನೀರು ಬೆರೆಯುವುದರಿಂದ ಮೀನು, ಸಿಗಡಿ, ಚಿಪ್ಪಿಕಲ್ಲು ಹುಲುಸಾಗಿ ಬೆಳೆಯುತ್ತವೆ. ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತವೂ ಇಲ್ಲಿಯದೇ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿತು. ಒಂದು ನದಿ ಬೆಳಕು ಕೊಟ್ಟಿತು. ಇನ್ನೊಂದು ಅಳಿವೆಯ ಜನರಿಗೆ ಅನ್ನ ಕೊಡುತ್ತಿದೆ. ಯಾವುದು ಸರಿ ಎಂದು ಥಟ್ಟನೆ ಹೇಳುವ ಮೊದಲು ಎರಡನ್ನೂ ನೋಡಿ ಬನ್ನಿ.

ಹೊರಡುವ ಮುನ್ನ

ಜಲಪಾತದ ಪೂರ್ಣ ವೈಭವ ಮಳೆಗಾಲದಲ್ಲಿ. ಆದರೆ ದಾರಿ ಸುಗಮವಾಗಿರುವುದು, ಮಂಜು ಸರಿದು ನೋಟ ಸ್ಪಷ್ಟವಾಗುವುದು ಮಳೆ ಇಳಿದ ಮೇಲೆ, ಅಕ್ಟೋಬರ್-ನವೆಂಬರ್ ಹೊತ್ತಿಗೆ. ಕರಾವಳಿಯಿಂದ ಹೋಗುವವರಿಗೆ ಮಾಗೋಡಿಗೆ ಅಂಕೋಲಾ-ಯಲ್ಲಾಪುರದ ದಾರಿ, ಜೋಗಕ್ಕೆ ಹೊನ್ನಾವರದಿಂದ ಗೇರುಸೊಪ್ಪೆಯ ದಾರಿ ಅನುಕೂಲ.

ಮೂರು ಮಾತುಗಳನ್ನು ಮಾತ್ರ ಮರೆಯಬೇಡಿ. ಮೊದಲನೆಯದು: ನೀವು ನಿಂತ ಕಡೆ ಬಿಸಿಲಿದ್ದರೂ ಮೇಲೆ ಎಲ್ಲೋ ಮಳೆ ಸುರಿದಿರಬಹುದು. ನದಿಯ ನಡುವಿನ ಬಂಡೆಯ ಮೇಲೆ ಕುಳಿತವರನ್ನು ನೀರು ನಿಮಿಷಗಳಲ್ಲಿ ಸುತ್ತುವರಿಯುತ್ತದೆ. ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಕಸಕಡ್ಡಿ ತೇಲಿಬಂದರೆ, ಸದ್ದು ಹೆಚ್ಚಿದರೆ ತಡಮಾಡದೆ ದಡ ಸೇರಿ. ಎರಡನೆಯದು: ಪಾಚಿ ಕಟ್ಟಿದ ಬಂಡೆಯ ಮೇಲೆ ಯಾವ ಚಪ್ಪಲಿಯನ್ನೂ ನಂಬಬೇಡಿ, ಫೋಟೋಕ್ಕಾಗಿ ಅಂಚಿಗೆ ಹೋಗಲೇಬೇಡಿ. ಮೂರನೆಯದು: ಬುಡದ ಗುಂಡಿಯಲ್ಲಿ ಈಜಬೇಡಿ. ನೊರೆ ತುಂಬಿದ ನೀರಿನಲ್ಲಿ ಗಾಳಿಯೇ ಹೆಚ್ಚು. ಅದು ದೇಹವನ್ನು ಎಂದಿನಂತೆ ತೇಲಿಸದು. ಒಳ್ಳೆಯ ಈಜುಗಾರರೂ ಮುಳುಗುವುದಕ್ಕೆ ಇದೂ ಒಂದು ಕಾರಣ.

ಟೀವಿಯಲ್ಲಿ ನಾವು ಜಲಪಾತದ ನೋಟವನ್ನು ತೋರಿಸಬಹುದು, ಸದ್ದನ್ನೂ ಕೇಳಿಸಬಹುದು. ಮುಖಕ್ಕೆ ತಾಗುವ ತುಂತುರು, ಕಾಲಡಿಯ ನೆಲದ ನಡುಕ ಅಲ್ಲಿಗೆ ಹೋದವರಿಗೇ ಸಿಗಬೇಕು. ಜೊತೆಗೊಂದು ನೋಟ್ ಪುಸ್ತಕ ಇರಲಿ. ಈ ನೀರು ಎಲ್ಲಿ ಹುಟ್ಟಿತು, ದಾರಿಯಲ್ಲಿ ಯಾರು ಬಳಸಿದರು, ಎಲ್ಲಿ ಸಮುದ್ರ ಸೇರಿತು ಎಂದು ಊರಿನವರನ್ನು ಕೇಳಿ ಬರೆದುಕೊಳ್ಳಿ. ಮರಳುವಾಗ ಅದೇ ಸೇತುವೆ ಬಂದರೆ ಕಿಟಕಿಯ ಪಕ್ಕ ಕುಳಿತು ಕೆಳಗಿನ ನದಿಯನ್ನು ಇನ್ನೊಮ್ಮೆ ನೋಡಿ.