ತಡಾಗಭೇದ ಮತ್ತು ಆಗಮಭೇದ

ಕೆರೆಯನ್ನು ಕೆಡಿಸುವ ಅಪರಾಧವನ್ನು ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು ಎರಡು ಬಗೆಯಾಗಿ ಎಣಿಸಿದೆ. ಕೆರೆಯನ್ನೇ ಒಡೆಯುವುದು ತಡಾಗಭೇದ, ಇದಕ್ಕೆ ಪ್ರಾಣದಂಡ. ಒಡೆದುದನ್ನು ಮರಳಿ ಕಟ್ಟಿಕೊಟ್ಟವನಿಗೆ ಉತ್ತಮಸಾಹಸದ ದಂಡ. ಕೆರೆಗೆ ನೀರು ಬರುವ ದಾರಿಯನ್ನು ಕೆಡಿಸುವುದು ಎರಡನೆಯದು. ಆ ದಾರಿಗೆ ಅಲ್ಲಿ 'ಆಗಮ'ವೆಂಬ ಶಬ್ದವು ಪ್ರಯುಕ್ತವಾಗಿದೆ. ದಂಡವು ಪ್ರಥಮಸಾಹಸ, ಎಂದರೆ ೨೫೦ ಪಣ. ಕೈಗುದ್ದಲಿಯ ಕಾಲದಲ್ಲಿ ಈ ತಾರತಮ್ಯವು ಯುಕ್ತವೇ ಆಗಿದ್ದಿತು. ಮುಚ್ಚಿದ ಕಾಲುವೆಯನ್ನು ಊರವರು ಕೂಡಿ ತೆರೆಯಬಹುದಾಗಿತ್ತು. ಗಣಿಗಾರಿಕೆಯು ಈ ಕ್ರಮವನ್ನು ತಲೆಕೆಳಗು ಮಾಡಿದೆ.

ಗಣಿಯು ಏರಿಯನ್ನು ಮುಟ್ಟುವುದಿಲ್ಲ. ಮೇಲಣ ಗುಡ್ಡವನ್ನು ಅಗೆದು ರಾಶಿ ಹಾಕಿದ ಮಣ್ಣು ಮಳೆಗಾಲದಲ್ಲಿ ಹಳ್ಳಗುಂಟ ಇಳಿದು ಕೆರೆಯ ಒಡಲನ್ನು ತುಂಬುತ್ತದೆ. ಕದಡಿದ ನೀರಿನಲ್ಲಿ ಬಿಸಿಲು ಇಳಿಯದೆ ಜಲಸಸ್ಯಗಳು ಕ್ಷೀಣಿಸುತ್ತವೆ. ಅವನ್ನು ಆಶ್ರಯಿಸಿದ ಮೀನು, ಬಸವನಹುಳು, ಹಕ್ಕಿಗಳು ಕ್ರಮವಾಗಿ ಇಲ್ಲವಾಗುತ್ತವೆ. ಒಡೆದ ಏರಿಯನ್ನು ಮರಳಿ ಕಟ್ಟಬಹುದು. ಕರಗಿಹೋದ ಗುಡ್ಡವನ್ನು ಕಟ್ಟುವವರಿಲ್ಲ.

ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿಗಾಗಿ ನಡೆದ ಅಗೆತವು ಇದಕ್ಕೆ ನಿದರ್ಶನ. ಧಾರವಾಡದ ಸಮಾಜ ಪರಿವರ್ತನ ಸಮುದಾಯವು ೨೦೦೯ರಲ್ಲಿ ಈ ಕುರಿತು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ೨೦೧೧ನೆಯ ಜುಲೈ ೨೯ರಂದು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಗಣಿಗಳ ಕೆಲಸವು ನಿಲ್ಲಿಸಲ್ಪಟ್ಟಿತು. ಆ ಬಳಿಕ ಗಣಿಗಳಿಗೆ ವಿಧಿಸಲಾದ ಪುನರುಜ್ಜೀವನ ಯೋಜನೆಗಳಲ್ಲಿ ಹೂಳನ್ನು ತಡೆಯುವ ಒಡ್ಡುಗಳೂ ಸೇರಿದುವು. ಆಗಮದ ರಕ್ಷಣೆಯೇ ಇಲ್ಲಿ ಹೊಸ ರೂಪದಲ್ಲಿ ಕಾಣಿಸಿತೆನ್ನಬಹುದು.

೨೦೧೭ರ ಜೌಗುಭೂಮಿ ಸಂರಕ್ಷಣಾ ನಿಯಮಗಳು ಈ ತತ್ತ್ವವನ್ನು ಸ್ಪಷ್ಟವಾಗಿ ಒಪ್ಪಿವೆ. ಜಲಾನಯನದ ಯಾವ ಭಾಗದಲ್ಲಿ ನಡೆಯುವ ಕೆಲಸದಿಂದ ಜೌಗುಭೂಮಿಗೆ ಹಾನಿಯುಂಟೋ ಅದು ಅವುಗಳಲ್ಲಿ 'ಪ್ರಭಾವವಲಯ'ವೆನಿಸಿದೆ. ಆದರೆ ಜೌಗುಭೂಮಿಯ ಲಕ್ಷಣವನ್ನು ಹೇಳುವಾಗ, ನೀರಾವರಿಗೆಂದೂ ಕುಡಿಯುವ ನೀರಿಗೆಂದೂ ಮನುಷ್ಯರು ಕಟ್ಟಿದ ಜಲಾಶಯಗಳನ್ನು ಅವೇ ನಿಯಮಗಳು ಹೊರಗಿಟ್ಟಿವೆ. ಬಯಲುಸೀಮೆಯ ಕೆರೆಗಳು ಬಹುಮಟ್ಟಿಗೆ ಕಟ್ಟಿದವುಗಳೇ ಆಗಿರುವುದರಿಂದ, ನೈಯಾಯಿಕರ ಮಾತಿನಲ್ಲಿ ಹೇಳುವುದಾದರೆ, ಈ ಲಕ್ಷಣಕ್ಕೆ ಅವ್ಯಾಪ್ತಿದೋಷವು ಪ್ರಾಪ್ತವಾಗುತ್ತದೆ.

೧೯೯೭ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದು ಈಗ ಗದಗ ಜಿಲ್ಲೆಯಲ್ಲಿರುವ ಮಾಗಡಿಯ ಕೆರೆಯು ಈ ದೋಷವನ್ನು ತೋರಿಸಿಕೊಡುತ್ತದೆ. ಸುಮಾರು ೫೦ ಹೆಕ್ಟೇರಿನ ಈ ಕೆರೆಯೂ ನೀರಾವರಿಗಾಗಿ ಕಟ್ಟಿದುದೇ. ಪ್ರತಿ ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಇಲ್ಲಿ ಸಾವಿರಗಟ್ಟಲೆಯಾಗಿ ಇಳಿಯುತ್ತವೆ. ಸುತ್ತಲಿನ ಹೊಲಗಳಲ್ಲಿ ಮೇಯ್ದು ನೀರಿಗೆ ಮರಳಿ ವಿಶ್ರಮಿಸುತ್ತವೆ. ೨೦೨೪ರಲ್ಲಿ ಇದು ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿತು. ಮನುಷ್ಯರು ಕಟ್ಟಿದ ಕೆರೆಯೂ ನಿಜವಾದ ಜೌಗುಭೂಮಿಯೆಂಬುದಕ್ಕೆ ಬೇರೆ ಪ್ರಮಾಣವು ಬೇಡ. ಅದೇ ಜಿಲ್ಲೆಯ ಕಪ್ಪತಗುಡ್ಡವು ಗಣಿಯ ಭಯದ ನಡುವೆ ಜನರ ಹೋರಾಟದ ಫಲವಾಗಿ ೨೦೧೯ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಯಿತು. ಇಂತಹ ಹೆಸರಿನ ಆಶ್ರಯವಿಲ್ಲದ ಕೆರೆಗಳೂ ಗುಡ್ಡಗಳೂ ಈ ನಾಡಿನಲ್ಲಿ ಎಷ್ಟೋ ಇವೆ.

ಆದುದರಿಂದ ಕೆರೆಯ ಎಲ್ಲೆಯು ನೀರು ನಿಂತಷ್ಟೇ ಅಲ್ಲ. ಅದರ ಹಳ್ಳಗಳ ತಲೆಯವರೆಗೂ ವ್ಯಾಪಿಸಿದೆ. ಕಲ್ಲು, ಗರಸು, ಅದಿರುಗಳ ಅಗೆತಕ್ಕೆ ಅನುಮತಿ ಕೊಡುವ ಮುನ್ನ ಕೆಳಗಣ ಕೆರೆಯ ಆಗಮವು ಎಲ್ಲಿಂದ ಹೊರಡುತ್ತದೆಂಬುದನ್ನು ನಿರ್ಣಯಿಸುವುದು ಅವಶ್ಯ. ಸ್ಮೃತಿಕಾರರು ಸ್ವಲ್ಪ ದಂಡದಿಂದ ಬಿಟ್ಟ ಆಗಮಭೇದವೇ ಇಂದು ತಡಾಗಭೇದಕ್ಕಿಂತ ಗುರುತರವಾದ ಅಪರಾಧವಾಗಿದೆ.