ಕುಂಟು ಬಿಡಿಸಲು ಕುಂಟಿಸುವ ಯಂತ್ರ

ಲಕ್ವ ಹೊಡೆದು ಚೇತರಿಸಿಕೊಂಡವರ ಹವಾಯಿ ಚಪ್ಪಲಿಗಳನ್ನು ಒಮ್ಮೆ ಮಗುಚಿ ನೋಡಿ. ಒಂದು ಎಲ್ಲರ ಚಪ್ಪಲಿಯಂತೆ ಹಿಮ್ಮಡಿಯಲ್ಲಿ ಸವೆದಿರುತ್ತದೆ. ಇನ್ನೊಂದರ ಸವೆತ ಬೆರಳುಗಳ ಕಡೆಗೆ. ಆ ಪಾದದ ಮುಂಭಾಗ ಮೇಲೇಳುವುದಿಲ್ಲ, ನೆಲ ಕೆರೆದುಕೊಂಡೇ ಮುಂದೆ ಬರುತ್ತದೆ. ಮನೆಯವರಿಗೆ ಚಪ್ಪಲಿ ನೋಡುವ ಅಗತ್ಯವೂ ಇಲ್ಲ, ಹಜಾರದಿಂದ ಬರುವ ‘ಟಪ್, ಸರ್ರ್, ಟಪ್, ಸರ್ರ್’ ಸದ್ದೇ ಸಾಕು. ಅಡುಗೆಮನೆಯಿಂದ ಮಗಳು ಕೂಗುತ್ತಾಳೆ: “ಕಾಲೆತ್ತಿ ಇಡಪ್ಪಾ, ಎಳೀಬೇಡ.” ಅಪ್ಪ ನಾಲ್ಕು ಹೆಜ್ಜೆ ಎತ್ತಿ ಇಡುತ್ತಾರೆ. ಐದನೆಯದು ಮತ್ತೆ ಸರ್ರ್.

ಇದು ಅಪ್ಪನ ಸೋಮಾರಿತನವಲ್ಲ. ಕಾಲುಗಳು ಮಾತು ಕೇಳಿ ಕಲಿಯುವುದಿಲ್ಲ, ಅಷ್ಟೇ. ನಂಬಿಕೆ ಬರದಿದ್ದರೆ ಕೆಟ್ಟು ನಿಂತ ಎಸ್ಕಲೇಟರ್ ಹತ್ತಿ ನೋಡಿ. ಅದು ನಿಂತಿದೆ ಎಂಬುದು ಕಣ್ಣಿಗೆ ಕಾಣುತ್ತಿದೆ, ತಲೆಗೂ ಗೊತ್ತಿದೆ. ಆದರೂ ಮೊದಲ ಮೆಟ್ಟಿಲಲ್ಲಿ ಮೈ ಮುಂದಕ್ಕೆ ವಾಲಿ ಹೆಜ್ಜೆ ಒಂದು ಕ್ಷಣ ತಬ್ಬಿಬ್ಬಾಗುತ್ತದೆ. ಚಲಿಸುವ ಮೆಟ್ಟಿಲಿಗೆ ಎಂದೋ ಹೊಂದಿಕೊಂಡ ಕಾಲು, ತಲೆಯ ಅಪ್ಪಣೆಗೆ ಕಾಯದೆ ಹಳೆಯ ಲೆಕ್ಕದಂತೆ ಹೆಜ್ಜೆ ಇಟ್ಟಿರುತ್ತದೆ.

ಕಾಲಿನ ಲೆಕ್ಕ ಬಹುಮಟ್ಟಿಗೆ ನಮ್ಮ ಅರಿವಿನ ಕೆಳಗೇ ನಡೆಯುತ್ತದೆ. ಬೆನ್ನುಹುರಿ ಕಡಿದ ಮೇಲೂ ಬೆಕ್ಕಿನ ಹಿಂಗಾಲಿನ ಸ್ನಾಯುಗಳು ಸರದಿಯಂತೆ ಬಿಗಿದು ಸಡಿಲಗೊಳ್ಳುವುದನ್ನು ಥಾಮಸ್ ಗ್ರಹಾಂ ಬ್ರೌನ್ 1911ರಲ್ಲೇ ತೋರಿಸಿದ್ದರು. ಎಡ-ಬಲ ಎಂಬ ತಾಳ ಹುಟ್ಟುವುದು ಬೆನ್ನುಹುರಿಯಲ್ಲಿ. ಮನುಷ್ಯರಲ್ಲಿ ಮೆದುಳಿನ ಪಾಲು ಬೆಕ್ಕಿಗಿಂತ ಹೆಚ್ಚು, ನಿಜ. ಆದರೆ ಹೆಜ್ಜೆಯ ಅಳತೆ ತಪ್ಪಿದಾಗ ತಿದ್ದುವ ಕೆಲಸ ತಲೆಯ ಹಿಂಬದಿಯ ಕಿರುಮೆದುಳಿನದು. ಅದಕ್ಕೆ ಭಾಷೆ ಬರುವುದಿಲ್ಲ. ಅದಕ್ಕೆ ಅರ್ಥವಾಗುವುದು ಒಂದೇ: ಅಂದುಕೊಂಡದ್ದಕ್ಕೂ ಆದದ್ದಕ್ಕೂ ನಡುವಿನ ವ್ಯತ್ಯಾಸ.

ಈ ವ್ಯತ್ಯಾಸವನ್ನು ಬೇಕೆಂದೇ ಹುಟ್ಟಿಸುವ ಯಂತ್ರವೊಂದಿದೆ. ನೋಡಲು ಜಿಮ್ಮಿನ ಟ್ರೆಡ್‌ಮಿಲ್ಲೇ, ಆದರೆ ಬೆಲ್ಟ್ ಎರಡು, ಕಾಲಿಗೊಂದು. ಎರಡಕ್ಕೂ ಬೇರೆ ಮೋಟಾರು, ಬೇರೆ ವೇಗ. (ಟ್ರೆಡ್‌ಮಿಲ್ಲಿನ ಪೂರ್ವಜ ಹುಟ್ಟಿದ್ದು 1818ರ ಇಂಗ್ಲೆಂಡಿನಲ್ಲಿ, ಕೈದಿಗಳನ್ನು ದಣಿಸಲು. ವಿಲಿಯಂ ಕ್ಯೂಬಿಟ್ ಎಂಬ ಎಂಜಿನಿಯರ್ ಮಾಡಿದ ಆ ಚಕ್ರದ ಮೆಟ್ಟಿಲುಗಳನ್ನು ಅವರು ಗಂಟೆಗಟ್ಟಲೆ ತುಳಿಯಬೇಕಿತ್ತು. ಈಗ ಅದೇ ಕೆಲಸಕ್ಕೆ ನಾವು ತಿಂಗಳ ಶುಲ್ಕ ಕಟ್ಟುತ್ತೇವೆ.)

ಆರೋಗ್ಯವಂತರೊಬ್ಬರನ್ನು ಈ ಎರಡು ಬೆಲ್ಟಿನ ಯಂತ್ರದ ಮೇಲೆ ನಿಲ್ಲಿಸಿ, ಎಡಗಾಲಿನ ಬೆಲ್ಟನ್ನು ಸೆಕೆಂಡಿಗೆ ಅರ್ಧ ಮೀಟರ್, ಬಲಗಾಲಿನದನ್ನು ಒಂದು ಮೀಟರ್ ವೇಗದಲ್ಲಿ ಓಡಿಸಿದರೆ ಅವರು ತಕ್ಷಣ ಕುಂಟತೊಡಗುತ್ತಾರೆ. ವೇಗದ ಬೆಲ್ಟಿನ ಕಾಲಿನ ಹೆಜ್ಜೆ ಗಿಡ್ಡ, ನಿಧಾನದ್ದು ಉದ್ದ. ಹತ್ತು-ಹದಿನೈದು ನಿಮಿಷದಲ್ಲಿ, ಯಾರೂ ಏನೂ ಹೇಳದೆ, ಹೆಜ್ಜೆಗಳು ಸಮಕ್ಕೆ ಬರುತ್ತವೆ. ಆಗ ಎರಡೂ ಬೆಲ್ಟುಗಳನ್ನು ಒಂದೇ ವೇಗಕ್ಕೆ ತಂದರೆ ಮತ್ತೆ ಕುಂಟು! ಈ ಸಲ ತಿರುವುಮುರುವು: ಗಿಡ್ಡವಾಗಿದ್ದ ಹೆಜ್ಜೆ ಈಗ ಉದ್ದ. ಎಸ್ಕಲೇಟರ್ ಮೇಲಿನ ತಬ್ಬಿಬ್ಬಿನ ಅಣ್ಣ ಇದು.

ಅಮೆರಿಕದ ಬಾಲ್ಟಿಮೋರಿನಲ್ಲಿ ಏಮಿ ಬಾಸ್ಟಿಯನ್ ಮತ್ತು ಸಂಗಡಿಗರು ಈ ತಿರುವುಮುರುವನ್ನೇ ಚಿಕಿತ್ಸೆಗೆ ತಿರುಗಿಸಿದರು. ಲಕ್ವ ಹೊಡೆದವರಲ್ಲಿ ಯಾವ ಕಾಲಿನ ಹೆಜ್ಜೆ ಗಿಡ್ಡವೋ ಅದನ್ನು ವೇಗದ ಬೆಲ್ಟಿನ ಮೇಲೆ ಇಡಿಸಿದರು. ಅಂದರೆ ಇರುವ ಕುಂಟನ್ನೇ ಇನ್ನಷ್ಟು ಹೆಚ್ಚಿಸಿದರು. ಪಕ್ಕದಲ್ಲಿ ನಿಂತು ನೋಡುವ ಮನೆಯವರಿಗೆ ಹೊಟ್ಟೆ ಚುರ್ ಎನ್ನುವ ದೃಶ್ಯ. ಆದರೆ ತಪ್ಪು ದೊಡ್ಡದಾದಾಗ ಕಿರುಮೆದುಳು ತಿದ್ದುಪಡಿಗೆ ಇಳಿಯಿತು. ಬೆಲ್ಟುಗಳು ಮತ್ತೆ ಸಮವಾದಾಗ ಆ ಗಿಡ್ಡ ಹೆಜ್ಜೆ ಉದ್ದವಾಗಿ ಬಿತ್ತು, ನಡಿಗೆ ಬಹುಪಾಲು ಸರಿಯಾಯಿತು. 2007ರಲ್ಲಿ ಇದು ಪ್ರಕಟವಾಯಿತು. ಕಿರುಮೆದುಳಿಗೇ ಪೆಟ್ಟಾದವರು ಮಾತ್ರ ಹೀಗೆ ಕಲಿಯಲು ಬಹಳ ಕಷ್ಟಪಡುತ್ತಾರೆಂಬುದು ಅದಕ್ಕೆ ಮುಂಚೆಯೇ ಗೊತ್ತಾಗಿತ್ತು.

ಒಂದು ದಿನದ ಪಾಠ ಕೆಲವೇ ನಿಮಿಷದಲ್ಲಿ ಅಳಿಸಿಹೋಗುತ್ತದೆ. ವಾರಕ್ಕೆ 3 ದಿನದಂತೆ 4 ವಾರ ಮಾಡಿಸಿದಾಗ ಸುಧಾರಣೆ ನೆಲದ ಮೇಲಿನ ನಡಿಗೆಯಲ್ಲೂ ಉಳಿಯಿತು. ಆದರೆ ಎಲ್ಲರಲ್ಲೂ ಅಲ್ಲ, ಮತ್ತು ಅದು ಸಣ್ಣ ಗುಂಪು.

ಮುಪ್ಪಿನ ಸಮಸ್ಯೆ ಬೇರೆ. ಅಲ್ಲಿ ಹೆದರಿಕೆ ಬೀಳುವುದರದ್ದು. “ಹುಷಾರಾಗಿ ನಡಿಯಜ್ಜಿ” ಎನ್ನುವುದೂ ‘ಕಾಲೆತ್ತಿ ಇಡಪ್ಪಾ’ದ ಜಾತಿಗೇ ಸೇರಿದ್ದು. ಷಿಕಾಗೋದ ಕ್ಲೈವ್ ಪೈ ಎಂಬ ಸಂಶೋಧಕರು 65 ದಾಟಿದವರನ್ನು ಮೇಲಿನಿಂದ ಹಗ್ಗ ಬಿಗಿದ ಹಾರ್ನೆಸ್‌ನಲ್ಲಿ ಭದ್ರವಾಗಿ ಕಟ್ಟಿ, ನಡೆಯುವಾಗ ಕಾಲಡಿಯ ಹಲಗೆ ತಟಕ್ಕನೆ ಜಾರುವಂತೆ ಮಾಡಿದರು. ಒಂದೇ ದಿನ 24 ಸಲ. ಮೊದಮೊದಲು ಹಗ್ಗವೇ ಗತಿಯಾಗಿದ್ದವರು ಕೊನೆಕೊನೆಗೆ ತಾವೇ ಸಾವರಿಸಿಕೊಂಡರು. ಮುಂದಿನ ಒಂದು ವರ್ಷದಲ್ಲಿ ಬಿದ್ದವರ ಪ್ರಮಾಣ, ಈ ಅಭ್ಯಾಸ ಪಡೆಯದವರಲ್ಲಿ 34% ಇದ್ದರೆ ಪಡೆದವರಲ್ಲಿ 15%. ಮನೆಯಲ್ಲಿ ಯಾರೂ ಈ ಪ್ರಯೋಗಕ್ಕೆ ಕೈ ಹಾಕಬೇಡಿ. ಆ ಯಂತ್ರದ ಮುಖ್ಯ ಭಾಗ ಜಾರುವ ಹಲಗೆಯಲ್ಲ, ಮೇಲಿನ ಹಗ್ಗ.

ಇಷ್ಟೆಲ್ಲ ಹೊಗಳಿದ ಮೇಲೆ ಯಂತ್ರದ ಇನ್ನೊಂದು ಮುಖವನ್ನೂ ಹೇಳಬೇಕು. ಹಾರ್ನೆಸ್ಸಿನಲ್ಲಿ ಮೈಭಾರ ತೂಗುಹಾಕಿ ಸಾಮಾನ್ಯ ಟ್ರೆಡ್‌ಮಿಲ್ ಮೇಲೆ ನಡೆಸುವ ಚಿಕಿತ್ಸೆಯ ಬಗ್ಗೆ ಅಮೆರಿಕದಲ್ಲಿ ಲಕ್ವ ಹೊಡೆದ 408 ಜನರ ಮೇಲೆ ದೊಡ್ಡ ಪರೀಕ್ಷೆ ನಡೆಯಿತು. 2011ರಲ್ಲಿ ಫಲಿತಾಂಶ ಬಂತು: ಒಂದು ವರ್ಷದ ಹೊತ್ತಿಗೆ, ಫಿಸಿಯೋಥೆರಪಿಸ್ಟ್ ಮನೆಗೇ ಬಂದು ಮಾಡಿಸಿದ ಬಲ ಮತ್ತು ಸಮತೋಲನದ ವ್ಯಾಯಾಮಕ್ಕಿಂತ ಅದು ಮೇಲಾಗಿರಲಿಲ್ಲ. ದುಬಾರಿ ಯಂತ್ರವಿರುವ ಊರಿಗೆ ಅಪ್ಪನನ್ನು ಕರೆದೊಯ್ಯಲಾಗಲಿಲ್ಲ ಎಂದು ಕೊರಗುವವರು ಈ ಫಲಿತಾಂಶವನ್ನು ನೆನಪಿಟ್ಟುಕೊಳ್ಳಬಹುದು. ಮನೆಗೆ ಬರುವ ಫಿಸಿಯೋಥೆರಪಿಸ್ಟ್ ಅನ್ನು ಎರಡನೇ ತಿಂಗಳಿಗೇ ಬಿಡಿಸಿದವರೂ ನೆನಪಿಟ್ಟುಕೊಳ್ಳಬೇಕು.

ಕೊನೆಗೊಂದು ಪರೀಕ್ಷೆ, ಯಂತ್ರ ಬೇಡದ್ದು. ಸ್ವೀಡನ್ನಿನ ಸಂಶೋಧಕರು ವಸತಿಗೃಹವೊಂದರ 58 ವೃದ್ಧರ ಜೊತೆ ನಡೆಯುತ್ತ ಮಾತಿಗೆಳೆದರು. 12 ಜನ ಉತ್ತರ ಕೊಡಲು ನಡಿಗೆ ನಿಲ್ಲಿಸಿದರು. ಆರು ತಿಂಗಳೊಳಗೆ ಅವರಲ್ಲಿ 10 ಮಂದಿ ಬಿದ್ದರು. ತಾನೇ ತಾನಾಗಿ ಸಾಗಬೇಕಾದ ನಡಿಗೆಗೆ ಅವರು ಗಮನ ತೆರಬೇಕಾಗಿತ್ತು, ಮಾತಿಗೆ ಮಿಗುತ್ತಿರಲಿಲ್ಲ. ನಿಮ್ಮ ಮನೆಯ ಅಜ್ಜಿ ಹೀಗೆ ನಿಂತು ಉತ್ತರಿಸುವುದು ಕಂಡರೆ, ಮುಂದಿನ ಸಲ ಡಾಕ್ಟರ ಬಳಿ ಹೋದಾಗ ಬಿಪಿ, ಶುಗರಿನ ಜೊತೆ ಅದನ್ನೂ ಹೇಳಿ. ಅಲ್ಲಿಯವರೆಗೆ, ಮೆಟ್ಟಿಲಿಳಿಯುವಾಗ ಅವರನ್ನು ಮಾತಾಡಿಸಬೇಡಿ.