ಒಂದೊಂದಾಗಿ ಅಡಗುವ ದನಿ

1794ರ ಜುಲೈ 17. ಕ್ರಾಂತಿಯ ಉರಿಯಲ್ಲಿದ್ದ ಫ್ರಾನ್ಸಿನ ಕಾಂಪ್ಯೆನ್ ಊರಿನ ಕಾರ್ಮೆಲೈಟ್ ಮಠಕ್ಕೆ ಸೇರಿದ 16 ಮಹಿಳೆಯರು ಪ್ಯಾರಿಸ್‌ನಲ್ಲಿ ಗಿಲೊಟಿನ್‌ಗೆ ತಲೆಯೊಡ್ಡಿದರು. ಹತ್ತೇ ದಿನಕ್ಕೆ ರೋಬ್‌ಸ್ಪಿಯರ್ ಅಧಿಕಾರ ಕಳೆದುಕೊಂಡ!

ಈ ಘಟನೆ ಆಧರಿಸಿದ ಪುಲಾಂಕ್‌ನ ಒಪೆರಾ ‘ಕಾರ್ಮೆಲೈಟರ ಸಂವಾದಗಳು’ 1957ರಲ್ಲಿ ಮಿಲಾನ್‌ನ ಲಾ ಸ್ಕಾಲಾದಲ್ಲಿ ಮೊದಲು ರಂಗವೇರಿತು. ನಾಯಕಿ ಬ್ಲಾಂಶ್ ಮಾತ್ರ ಚರಿತ್ರೆಯವಳಲ್ಲ, ಜರ್ಮನ್ ಲೇಖಕಿಯೊಬ್ಬರ ಕಲ್ಪನೆ. ನೆರಳಿಗೂ ಬೆಚ್ಚುವ ಹುಡುಗಿ. ಮಠದಿಂದ ಓಡಿಹೋದವಳು ಕೊನೆಗೆ ತಾನಾಗಿಯೇ ವಧಾಸ್ಥಾನಕ್ಕೆ ಬರುತ್ತಾಳೆ.

ನಿರ್ದೇಶಕರಿಗೆ ಸವಾಲು ಈ ಕೊನೆಯ ದೃಶ್ಯವೇ. ಯಂತ್ರ ಕಾಣಲೇಬೇಕೆಂದಿಲ್ಲ, ಅಲಗು ಬೀಳುವ ಸದ್ದು ಸಾಕು. ಅದು ತಾಳಕ್ಕೆ ಕಟ್ಟುಬೀಳದು. ಮುಂದಿನ ಏಟು ಯಾವಾಗಲೋ ಪ್ರೇಕ್ಷಕನಿಗೆ ತಿಳಿಯದು. ಏಟಿಗೊಂದರಂತೆ ಪ್ರಾರ್ಥನೆಯ ದನಿಗಳು ಕಡಿಮೆಯಾಗುತ್ತವೆ. ಕಡೆಗೆ ಉಳಿಯುವುದು ಬ್ಲಾಂಶ್‌ಳ ದನಿ. ಅದೂ ಹಾಡಿನ ನಡುವೆಯೇ ನಿಲ್ಲುತ್ತದೆ.